ಸತ್ತ ಹಸುವಿನ ವಿಳಾಸ ನಮ್ಮ ಕೇರಿಯಲ್ಲ

ಬದುಕಿರೋವರೆಗೆ ಗೋಮಾತೆ. ಸತ್ತ ಮರುಗಳಿಗೆ ಕೇರಿಗೆ ಫೋನು: "ಹಸು ಸತ್ತೋಗೈತೆ, ಯಾರನ್ನಾದ್ರೂ ಕಳ್ಸೋ." ಹಾಲಿನ ದುಡ್ಡು ಎಣಿಸುವಾಗ ನೆನಪಾಗದ ನಾವು, ಹೆಣ ಎಳೆಯೋಕೆ ಮಾತ್ರ ನೆನಪಾಗ್ತೀವಿ.

ನಿಮ್ಮ ಸತ್ತ ದನ ನೀವೇ ಹೂಳಿ ಅಂತ 1927ರ ಮಹಾಡ್ ಸಮ್ಮೇಳನದಲ್ಲೇ ಸವರ್ಣೀಯರಿಗೆ ಹೇಳಿದ್ದಾಯ್ತು. 2016ರಲ್ಲಿ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದವರನ್ನ ಕಟ್ಟಿ ಹೊಡೆದ್ರು. ಆಗ ಗುಜರಾತಿನ ದಲಿತರು ಹೆಣಗಳನ್ನ ಸುರೇಂದ್ರನಗರದ ಕಲೆಕ್ಟರ್ ಕಚೇರಿ ಮುಂದೆ ಸುರಿದು ಉತ್ತರ ಕೊಟ್ರು.

ಹೂಳೋಕೆ ಜೆಸಿಬಿ ಖರ್ಚು ಅಂತೀರಾ? ಕಾಂಪೋಸ್ಟ್ ಮಾಡಿ. ಬಾವಿ, ಹಳ್ಳದಿಂದ ದೂರ 2 ಅಡಿ ಮರದ ಹೊಟ್ಟು, ಒಣಹುಲ್ಲು ಹಾಸಿ. ಹೆಣ ಮಲಗಿಸಿ, ಮೇಲೆ ಮತ್ತೆ 2 ಅಡಿ ಮುಚ್ಚಿ. ನಾಯಿ ಕೆದಕದಂತೆ ಬೇಲಿ ಕಟ್ಟಿ. ಒಳಗಿನ ಕಾವು 55 ಡಿಗ್ರಿ ದಾಟುತ್ತೆ, ತಿಂಗಳುಗಳಲ್ಲಿ ಮಾಂಸ ಕರಗಿ ಗೊಬ್ಬರ. ಅಮೆರಿಕದಲ್ಲಿ ಎಷ್ಟೋ ಡೈರಿ ರೈತರು ತಮ್ಮ ಹೊಲದಲ್ಲೇ ಇದನ್ನ ಮಾಡ್ತಾರೆ. ಅಲ್ಲಿ ಈ ಕೆಲಸಕ್ಕೊಂದು ಜಾತಿ ಇಲ್ಲ.

ಆಂಥ್ರಾಕ್ಸ್ ಅನುಮಾನ ಇದ್ರೆ ಮಾತ್ರ ಮುಟ್ಟಬೇಡಿ, ಪಶುವೈದ್ಯರನ್ನ ಕರೀರಿ. ಇಷ್ಟು ದಿನ ರೋಗ ಯಾವುದು ಅಂತಾನೂ ಹೇಳದೆ ನಮ್ಮವರ ಬರಿಗೈಗೆ ಕೊಟ್ರಲ್ಲ!

ಆದರೆ ಆ ಗುಡ್ಡೆ ಹಾಕೋಕೂ ಕೇರಿಯವರನ್ನೇ ಕರೆದ್ರೆ ಅದು ಕಾಂಪೋಸ್ಟ್ ಅಲ್ಲ, ಅದೇ ಹಳೇ ಬಿಟ್ಟಿ ಚಾಕರಿ.

ಸಂಗಾತಿಗಳೇ, ಮುಂದಿನ ಸಲ ಫೋನ್ ಬಂದ್ರೆ ಒಂದೇ ಮಾತು ಹೇಳಿ: ತಾಯಿ ನಿಮ್ಮದು, ಸಲಿಕೆನೂ ನೀವೇ ಹಿಡೀರಿ.

ಜೈ ಭೀಮ್.