ಬಾಣಂತಿಯ ಎಲೆ-ಅಡಿಕೆ ತಟ್ಟೆಯಲ್ಲಿ ಕಡ್ಡಿಪುಡಿ: ಬಿಡಿಸೋರು ಯಾರು?

ನಂಜನಗೂಡು, ತಿ. ನರಸೀಪುರ ಕಡೆ ಬಾಣಂತಿಗೆ ಊಟವಾದ ಮೇಲೆ ಎಲೆ-ಅಡಿಕೆ ಕೊಡೋದು ಹಳೇ ವಾಡಿಕೆ. ಅದರ ಜೊತೆ ಒಂದು ಚಿಟಿಕೆ ಕಡ್ಡಿಪುಡಿ ಸೇರಿದರೂ ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ. ಗಂಡ ಕುಡಿದರೆ ಚಟ, ಹೆಂಡತಿ ಹೊಗೆಸೊಪ್ಪು ಹಾಕಿದರೆ ಅಭ್ಯಾಸ. ಹೆಸರೇ ಇಲ್ಲದ ಚಟಕ್ಕೆ ಚಿಕಿತ್ಸೆ ಕೇಳೋದು ಹೇಗೆ?

2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಶೇ 10.3ರಷ್ಟು ಮಂದಿ ತಂಬಾಕು ಬಳಸುತ್ತಾರೆ. ಬಹುತೇಕ ಎಲ್ಲರದ್ದೂ ಅಗಿಯುವ ತಂಬಾಕು. ರಾಜ್ಯ ಸರ್ಕಾರ 2013ರಲ್ಲೇ ಗುಟ್ಕಾ ನಿಷೇಧಿಸಿತು. ಕಡ್ಡಿಪುಡಿ ಪೊಟ್ಟಣ ಮಾತ್ರ ಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತಲೇ ಇದೆ.

ಬಸುರಿ ಹೊಗೆಸೊಪ್ಪು ಅಗಿದರೆ ಮಗುವಿನ ತೂಕ ಕಡಿಮೆಯಾಗುವ, ಅವಧಿಗೆ ಮುಂಚೆ ಹೆರಿಗೆಯಾಗುವ ಅಪಾಯ ಹೆಚ್ಚು. ಹೆರಿಗೆಯಾದ ಮೇಲೂ ನಿಕೋಟಿನ್ ಎದೆಹಾಲಿಗೆ ಸೇರುತ್ತದೆ. ಹಾಗಂತ ಹಾಲು ನಿಲ್ಲಿಸಬೇಕಿಲ್ಲ, ನಿಲ್ಲಿಸಬೇಕಾದದ್ದು ಪುಡಿ. ಆದರೆ ಬಸುರಿಯಲ್ಲಿ ಭಯಕ್ಕೆ ಬಿಟ್ಟವಳೂ ನಿದ್ದೆಗೆಟ್ಟ ರಾತ್ರಿಗಳಲ್ಲಿ ಮತ್ತೆ ಡಬ್ಬಿಗೆ ಕೈ ಹಾಕೋದುಂಟು. ಬೈದರೆ ಕದ್ದು ಹಾಕ್ತಾಳೆ, ಅಷ್ಟೇ.

ದಾರಿ ಇಲ್ಲವೇ? ಇದೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 42 ದಿನದಲ್ಲಿ 6 ಸಲ ಬರಬೇಕು: 3, 7, 14, 21, 28, 42ನೇ ದಿನ. ಮಗುವಿನ ತೂಕ, ಮೈಬಿಸಿ ನೋಡುವಾಗಲೇ 'ಅಕ್ಕಾ, ಪುಡಿ ಹಾಕ್ತೀರಾ? ಬಿಡಬೇಕು ಅನ್ನಿಸುತ್ತಾ?' ಅಂತ ಕೇಳಬಹುದು. ಅತ್ತೆಯನ್ನೂ ಕೂರಿಸಿಕೊಂಡು ಮಾತಾಡಬೇಕು. ಎಷ್ಟೋ ಮನೆಗಳಲ್ಲಿ ಡಬ್ಬಿ ಅತ್ತೆಯದೇ. ಆದರೆ ಈ ಕೆಲಸವನ್ನು ಆಶಾ ತಲೆ ಮೇಲೆ ಬಿಟ್ಟಿಯಾಗಿ ಹೊರಿಸಬಾರದು. ತರಬೇತಿ ಕೊಡಿ, ಪ್ರೋತ್ಸಾಹಧನವನ್ನೂ ಕೊಡಿ.

ಕುಡಿತಕ್ಕೆ ಬಿದ್ದ ತಾಯಂದಿರ ಪಾಡು ಇನ್ನೂ ಕಷ್ಟ. 'ಸೇರಿಸಿಕೊಂಡರೆ ಮಗು ಕಿತ್ತುಕೊಳ್ತಾರೆ' ಅನ್ನೋ ಭಯ ಬಾಯಿ ಕಟ್ಟುತ್ತದೆ. ಕಾನೂನು ಹೇಳೋದು ಬೇರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಚಿಕಿತ್ಸೆಯಲ್ಲಿರುವ ತಾಯಿಯಿಂದ 3 ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಮಗುವಿಗೆ ಅಪಾಯ ಇದ್ದರೆ ಮಾತ್ರ ಬೇರೆ ಮಾತು. ಮದ್ಯ, ಮಾದಕ ವಸ್ತುಗಳಿಂದ ಬರುವ ತೊಂದರೆಗಳೂ ಈ ಕಾಯ್ದೆಯೊಳಗೇ ಬರುತ್ತವೆ. ತಾಯಿ-ಮಗುವನ್ನು ಒಟ್ಟಿಗೇ ಇರಿಸಿಕೊಳ್ಳುವ ಮನೋವೈದ್ಯಕೀಯ ಘಟಕ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಹಸುಗೂಸು ಎತ್ತಿಕೊಂಡು ನಂಜನಗೂಡಿನಿಂದ ಅಲ್ಲಿಗೆ ಹೋಗೋರೆಷ್ಟು ಜನ?

ಅಂಥ ನಾಲ್ಕು ಹಾಸಿಗೆ ಮೈಸೂರಿನಲ್ಲೇ ಬೇಕು. ತಾಯಿ ಕಾರ್ಡಿನಲ್ಲಿ ಚಟದ ಬಗ್ಗೆ ಒಂದು ಸಾಲು ಬೇಕು, ಅದು ಊರಿಗೆಲ್ಲ ಗೊತ್ತಾಗದ ಹಾಗೂ ಇರಬೇಕು. ಅಲ್ಲಿವರೆಗೆ ತಂಬಾಕು ಬಿಡಲು ಉಚಿತ ಸಹಾಯವಾಣಿ 1800-11-2356, ಮನಸ್ಸಿನ ಮಾತಿಗೆ ಟೆಲಿ-ಮನಸ್ 14416 ಇವೆ. ಈ ನಂಬರುಗಳು ಪ್ರತಿ ಅಂಗನವಾಡಿ ಗೋಡೆ ಮೇಲಿರಲಿ. ಅದಕ್ಕೆ ಬಜೆಟ್ ಕಾಯಬೇಕಿಲ್ಲ.