ತುಂಬಿದ ತೊಟ್ಟಿ ಬರಿದಾಗದಿದ್ದರೆ?

ಕೂಸು ಕೃಷ್ಣನನ್ನು ಹೊತ್ತು ಯಮುನೆ ದಾಟಿದ ವಸುದೇವನ ಕಥೆ ಯಾರಿಗೆ ಗೊತ್ತಿಲ್ಲ? ಏರುತ್ತ ಬಂದ ನದಿ ಮಗುವಿನ ಪಾದ ಸೋಕಿದೊಡನೆ ಇಳಿದು ದಾರಿ ಬಿಟ್ಟಿತಂತೆ. ಈ ಕಥೆಯನ್ನು ಹಿಡಿದು ನಮ್ಮ ಹಿಂದಿನ ಕುಶಲಕರ್ಮಿಗಳು ಒಂದು ಚಮತ್ಕಾರದ ಬಟ್ಟಲನ್ನು ಮಾಡಿದ್ದರು. ಬಟ್ಟಲ ನಡುವೆ ವಸುದೇವನ ಗೊಂಬೆ, ಅವನ ಕೈಯಲ್ಲಿ ಕೃಷ್ಣ. ನೀರು ಹೊಯ್ಯುತ್ತ ಹೋದಂತೆ ಮಟ್ಟ ಏರುತ್ತದೆ. ಕೃಷ್ಣನ ಪಾದಕ್ಕೆ ತಗುಲಿದ್ದೇ ತಡ, ಬಟ್ಟಲಿನ ನೀರೆಲ್ಲ ತಳದ ತೂತಿನಿಂದ ಇಳಿದುಹೋಗುತ್ತದೆ. ಗೊಂಬೆಯೊಳಗೆ ಅಡಗಿಸಿಟ್ಟ ಬಾಗಿದ ನಳಿಗೆಯೇ ಇದರ ಗುಟ್ಟು. ಗ್ರೀಕರಲ್ಲೂ ಇಂಥದೇ ಬಟ್ಟಲಿಗೆ ಪೈಥಾಗೊರಸನ ಹೆಸರಿದೆ. ವಿಜ್ಞಾನದ ಪುಸ್ತಕದಲ್ಲಿ ಇದರ ಹೆಸರು ಸೈಫನ್.

ಇದೇ ಸೈಫನ್ ಈಗ ಕೆಲವು ಮನೆಗಳ ತಾರಸಿಯ ಮೇಲೆ ದಿನವಿಡೀ ದುಡಿಯುತ್ತಿದೆ. ಅಲ್ಲಿ ಅದು ಕೆಟ್ಟರೆ ಗಿಡದ ಬೇರು ಕೊಳೆಯುತ್ತದೆ. ಕೆಲವೊಮ್ಮೆ ಮೀನೂ ಸಾಯುತ್ತದೆ. ಆದ್ದರಿಂದ ಅದು ಯಾಕೆ ಕೆಡುತ್ತದೆ, ಕೆಟ್ಟರೆ ಹೇಗೆ ಪತ್ತೆ ಮಾಡಬೇಕು ಎಂಬುದನ್ನು ತಿಳಿಯುವುದು ಒಳ್ಳೆಯದು.

ಮೀನಿನ ಕಸ, ಗಿಡದ ರಸ

ಒಂದೇ ನೀರಿನಲ್ಲಿ ಮೀನನ್ನೂ ಸೊಪ್ಪು ತರಕಾರಿಯನ್ನೂ ಬೆಳೆಯುವ ವಿಧಾನಕ್ಕೆ ಅಕ್ವಾಪೋನಿಕ್ಸ್ ಎನ್ನುತ್ತಾರೆ. ಕೆಳಗೆ ಮೀನಿನ ತೊಟ್ಟಿ, ಮೇಲೆ ಜಲ್ಲಿಕಲ್ಲು ತುಂಬಿದ ಗಿಡದ ತೊಟ್ಟಿ. ಮಣ್ಣಿಲ್ಲ. ಸಣ್ಣ ಪಂಪು ಮೀನಿನ ತೊಟ್ಟಿಯ ನೀರನ್ನು ಜಲ್ಲಿಗೆ ಎತ್ತುತ್ತದೆ. ಮೀನಿನ ವಿಸರ್ಜನೆಯಲ್ಲಿರುವ ಅಮೋನಿಯ ಮೀನಿಗೇ ವಿಷ. ಜಲ್ಲಿಕಲ್ಲಿನ ಮೈಗೆ ಅಂಟಿಕೊಂಡು ಬಾಳುವ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟ್ ಗಿಡಕ್ಕೆ ಗೊಬ್ಬರ. ಹರಿವೆ, ಪಾಲಕ್, ಪುದೀನ ಅದನ್ನು ಹೀರಿಕೊಂಡು ಬೆಳೆಯುತ್ತವೆ. ಹಸನಾದ ನೀರು ಮತ್ತೆ ಮೀನಿಗೆ ಮರಳುತ್ತದೆ.

ಆದರೆ ಈ ಬ್ಯಾಕ್ಟೀರಿಯಗಳಿಗೂ ಬೇರಿಗೂ ನೀರಿನಷ್ಟೇ ಗಾಳಿಯೂ ಬೇಕು. ಜಲ್ಲಿ ಸದಾ ಮುಳುಗಿದ್ದರೆ ಆಮ್ಲಜನಕ ಸಾಲದೆ ಬೇರು ಕೊಳೆಯುತ್ತದೆ, ಅಮೋನಿಯ ಉಳಿಯುತ್ತದೆ. ಸದಾ ಒಣಗಿದ್ದರೆ ಎರಡೂ ಸಾಯುತ್ತವೆ. ಹಾಗಾಗಿ ತೊಟ್ಟಿ ತುಂಬಬೇಕು, ಬರಿದಾಗಬೇಕು, ಮತ್ತೆ ತುಂಬಬೇಕು. ನೀರು ಇಳಿಯುವಾಗ ಕಲ್ಲಿನ ಸಂದುಗಳಿಗೆ ಹೊಸ ಗಾಳಿ ನುಗ್ಗುತ್ತದೆ. ಗಂಟೆಗೆ ಮೂರು ನಾಲ್ಕು ಸಲ ಯಾರು ಎದ್ದು ಹೋಗಿ ನೀರು ಬಿಡುತ್ತಾರೆ? ಆ ಕೆಲಸವನ್ನು ಸೈಫನ್ ತಾನೇ ಮಾಡುತ್ತದೆ.

ಮೂರು ಪೈಪುಗಳ ಯಂತ್ರ

ಇಲ್ಲಿ ಬಳಸುವುದು ಗಂಟೆಯಾಕಾರದ ಸೈಫನ್. ಗಿಡದ ತೊಟ್ಟಿಯ ತಳದಲ್ಲಿ ತೂತು ಕೊರೆದು, ಒಂದು ಇಂಚಿನ ಪಿವಿಸಿ ಪೈಪನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಅದರ ಕೆಳತುದಿ ತೊಟ್ಟಿಯ ಹೊರಗೆ ಮೀನಿನ ತೊಟ್ಟಿಯತ್ತ ಇಳಿದಿರುತ್ತದೆ. ಇದರ ಮೇಲೆ, ಬೋರಲು ಹಾಕಿದ ಲೋಟದಂತೆ, ಮೇಲ್ತುದಿಗೆ ಬಿರಡೆ ಹಾಕಿದ ಎರಡೂವರೆ ಮೂರು ಇಂಚಿನ ಇನ್ನೊಂದು ಪೈಪು. ಇದೇ ಗಂಟೆ. ಇದರ ಬುಡದಲ್ಲಿ ನೀರು ಒಳಬರಲು ಕಚ್ಚುಗಳನ್ನು ಕೊರೆದಿರುತ್ತಾರೆ. ಇವೆರಡರ ಸುತ್ತ ಜಲ್ಲಿ ನುಗ್ಗದಂತೆ ತೂತುಗಳಿರುವ ನಾಲ್ಕು ಇಂಚಿನ ಕಾವಲು ಪೈಪು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಹೊರತಂದ ಕೈಪಿಡಿಯು ಜಲ್ಲಿಯ ಆಳ ಸುಮಾರು 30 ಸೆಂಟಿಮೀಟರ್ ಇರಲಿ ಎನ್ನುತ್ತದೆ. ಮೇಲಿನ ಸುಮಾರು 5 ಸೆಂಟಿಮೀಟರ್ ಸದಾ ಒಣಗಿರಬೇಕು. ಇಲ್ಲವಾದರೆ ಬಿಸಿಲು ತಾಗಿ ಪಾಚಿ ಕಟ್ಟುತ್ತದೆ. ಆದ್ದರಿಂದ ನಿಂತ ಪೈಪಿನ ಎತ್ತರ 25 ಸೆಂಟಿಮೀಟರ್ ಆಸುಪಾಸು.

ನೀರು ಏರಿ ನಿಂತ ಪೈಪಿನ ಬಾಯಿಯನ್ನು ದಾಟಿ ಒಳಗೆ ಬೀಳತೊಡಗುತ್ತದೆ. ಬೀಳುವ ನೀರು ಪೈಪಿನ ಅಡ್ಡಗಲವನ್ನೆಲ್ಲ ತುಂಬಿಕೊಂಡರೆ ಗಂಟೆಯೊಳಗಿನ ಗಾಳಿಯನ್ನು ಗುಳ್ಳೆಗಳಾಗಿ ಕೆಳಕ್ಕೆ ಎಳೆದೊಯ್ಯುತ್ತದೆ. ಒಳಗಿನ ಒತ್ತಡ ಕಡಿಮೆಯಾಗುತ್ತದೆ. ಹೊರಗಿನ ನೀರು ಕಚ್ಚುಗಳ ಮೂಲಕ ನುಗ್ಗಿ ಗಂಟೆಯನ್ನು ತುಂಬುತ್ತದೆ. ಸೈಫನ್ ಹೊರಟಿತು! ಇನ್ನು ನೀರು ಕಚ್ಚಿನ ಮಟ್ಟಕ್ಕೆ ಇಳಿಯುವವರೆಗೆ ಹರಿಯುತ್ತಲೇ ಇರುತ್ತದೆ. ಆಗ ಕಚ್ಚಿನಿಂದ ಗಾಳಿ ಒಳನುಗ್ಗಿ, ಗೊರ್ರನೆ ಸದ್ದು ಮಾಡಿ, ಹರಿವು ತುಂಡಾಗುತ್ತದೆ.

ನೀರನ್ನು ಎಳೆಯುವವರು ಯಾರು?

ನೀರನ್ನು ವಾಯುಮಂಡಲದ ಒತ್ತಡವೇ ತಳ್ಳುತ್ತದೆ ಎಂದು ಬಹಳ ಪುಸ್ತಕಗಳು ಬರೆದುಬಿಟ್ಟಿವೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲೂ 1911ರಿಂದ ಹಾಗೆಯೇ ಇತ್ತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತಾಂತ್ರಿಕ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಸ್ಟೀಫನ್ ಹ್ಯೂಸ್ 2010ರಲ್ಲಿ ಇದು ತಪ್ಪೆಂದು ತೋರಿಸಿದರು. ವಾಯುಮಂಡಲ ಎರಡು ಕಡೆಯ ನೀರನ್ನೂ ಹೆಚ್ಚುಕಡಿಮೆ ಒಂದೇ ಸಮನಾಗಿ ಒತ್ತುತ್ತದೆ. ಹರಿವಿಗೆ ಕಾರಣ ಗುರುತ್ವಾಕರ್ಷಣೆ: ಇಳಿಯುವ ಕಡೆಯ ನೀರಿನ ಕಂಬ ಉದ್ದ, ಅದರ ತೂಕ ಹೆಚ್ಚು.

ಹಾಗೆಂದು ಗಾಳಿಗೆ ಪಾತ್ರವೇ ಇಲ್ಲವೆಂದಲ್ಲ. 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹ್ಯೂಸ್ ಮತ್ತು ಸಂಗಡಿಗರು ಸೈಫನ್ನನ್ನು ಗಾಳಿಯ ಒತ್ತಡ ತಗ್ಗಿಸುವ ಕೋಣೆಯಲ್ಲಿಟ್ಟರು. ಒತ್ತಡ ಬಹಳ ಇಳಿದಾಗ ನೀರಿನ ಕಂಬ ನೆತ್ತಿಯಲ್ಲಿ ಎರಡು ತುಂಡಾಯಿತು. ಅಂದರೆ ವಾಯುಮಂಡಲದ ಒತ್ತಡ ಕಂಬ ಕಡಿಯದಂತೆ ಹಿಡಿದಿಡುತ್ತದೆ, ಹರಿಸುವುದು ಗುರುತ್ವ. ಸಮುದ್ರಮಟ್ಟದಲ್ಲಿ ಈ ಒತ್ತಡ ಸುಮಾರು 10.3 ಮೀಟರ್ ಎತ್ತರದ ನೀರಿನ ಕಂಬವನ್ನು ತಾಳಿಕೊಳ್ಳಬಲ್ಲದು. 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು ಒಂಬತ್ತೂಕಾಲು ಮೀಟರ್. ಒಂದಡಿ ಆಳದ ತೊಟ್ಟಿಗೆ ಅಷ್ಟೇ ಧಾರಾಳ.

ಹೊರಡದ ಸೈಫನ್

ಮೊದಲ ತೊಂದರೆ ಇದು. ತೊಟ್ಟಿ ತುಂಬುತ್ತದೆ, ನೀರು ನಿಂತ ಪೈಪಿನೊಳಗೆ ಸಣ್ಣಗೆ ಜಿನುಗುತ್ತದೆ, ಮಟ್ಟ ಮಾತ್ರ ಇಳಿಯುವುದಿಲ್ಲ. ಪಂಪು ತರುವಷ್ಟು ನೀರು ಪೈಪಿನ ಗೋಡೆಗೆ ಅಂಟಿಕೊಂಡು ಇಳಿದುಹೋಗುತ್ತಿದೆ. ನಡುವೆ ಗಾಳಿಗೆ ದಾರಿ ತೆರೆದೇ ಇದೆ. ಗಾಳಿ ಹೊರಬೀಳದೆ ಸೈಫನ್ ಹೊರಡದು.

ಮೊದಲು ಒಳಬರುವ ನೀರನ್ನು ಅಳೆಯಿರಿ. ಹತ್ತು ಲೀಟರಿನ ಬಕೆಟ್, ಒಂದು ಗಡಿಯಾರ ಸಾಕು. ಎರಡೂವರೆ ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ 4 ಲೀಟರ್. ಮೂರು ತಿಂಗಳು ಚೆನ್ನಾಗಿ ನಡೆದ ಸೈಫನ್ ಒಂದು ದಿನ ಹೊರಡದಿದ್ದರೆ ಮೊದಲ ಸಂಶಯ ಪಂಪಿನ ಮೇಲೇ ಇರಲಿ. ಅದರ ಜಾಲರಿಗೆ ಕಸ, ಪಾಚಿ ಕಟ್ಟಿ ನೀರು ಕಡಿಮೆಯಾಗಿರುತ್ತದೆ. ಪಂಪಿಗೆ ಕೈ ಹಾಕುವ ಮುಂಚೆ ಪ್ಲಗ್ ಕೀಳಲೇಬೇಕು. ಈ ಕೆಲಸ ಹಿರಿಯರ ಎದುರಿಗೇ ಆಗಲಿ.

ನೀರು ಸರಿಯಾಗಿದ್ದರೆ ಗಂಟೆಯ ಬಿರಡೆಯನ್ನು ನೋಡಿ. ಅದರಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಹೊರಗಿನ ಗಾಳಿ ಒಳಸೇರಿ ಒತ್ತಡ ಇಳಿಯಲು ಬಿಡುವುದಿಲ್ಲ. ಗಂಟೆಯನ್ನು ಬೋರಲಾಗಿ ಬಕೆಟ್ಟಿನ ನೀರಿಗೆ ಒತ್ತಿ ಹಿಡಿದರೆ ಸಂದಿನಿಂದ ಗುಳ್ಳೆ ಏಳುತ್ತದೆ. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕಿದಂತೆ!

ಅದೂ ಸರಿಯಿದ್ದರೆ ನಿಂತ ಪೈಪಿನ ಬಾಯಿಗೆ ಒಂದು ರೆಡ್ಯೂಸರ್ ಕೂರಿಸಿ ಅದನ್ನು ಆಲಿಕೆಯ ಹಾಗೆ ಅಗಲ ಮಾಡಿ. ಅಗಲವಾದ ಅಂಚಿನ ಸುತ್ತಲಿಂದ ಹೆಚ್ಚು ನೀರು ಒಮ್ಮೆಗೇ ಬಂದು, ಕೆಳಗಿನ ಕಿರಿದಾದ ಪೈಪನ್ನು ಬೇಗ ತುಂಬುತ್ತದೆ. ಹೊರತುದಿಗೆ ಒಂದು ಎಲ್ಬೋ ಹಾಕಿದರೂ ನೀರು ಅಲ್ಲಿ ಕ್ಷಣಕಾಲ ತಡೆದು ಪೈಪಿನ ಬಾಯಿ ಕಟ್ಟುತ್ತದೆ. ಆದರೆ ಹೊರತುದಿಯನ್ನು ಮೀನಿನ ತೊಟ್ಟಿಯ ನೀರಿನಾಳಕ್ಕೆ ಮುಳುಗಿಸಬೇಡಿ. ಗಾಳಿಗೆ ಹೊರಬೀಳಲು ಕಷ್ಟವಾಗುತ್ತದೆ.

ನಿಲ್ಲದ ಸೈಫನ್

ಎರಡನೆಯದು ಇದರ ತದ್ವಿರುದ್ಧ. ನೀರು ತಳಮಟ್ಟಕ್ಕೆ ಇಳಿದರೂ ಸೈಫನ್ ನಿಲ್ಲುವುದಿಲ್ಲ. ಗೊರಗೊರ ಸದ್ದು ಮಾಡುತ್ತ ಬಂದಷ್ಟು ನೀರನ್ನು ಎಳೆಯುತ್ತಲೇ ಇರುತ್ತದೆ. ತೊಟ್ಟಿ ಮತ್ತೆ ತುಂಬುವುದೇ ಇಲ್ಲ. ಬಿರುಬೇಸಿಗೆಯಲ್ಲಿ ಎಳೆಯ ಸಸಿ ಬಾಡಲು ಒಂದು ಮಧ್ಯಾಹ್ನ ಸಾಕು.

ಕಾರಣ, ಕಚ್ಚಿನಿಂದ ಗಾಳಿ ಗುಟುಕು ಗುಟುಕಾಗಿ ಮಾತ್ರ ಒಳಹೋಗುತ್ತಿದೆ. ಹೋದದ್ದನ್ನು ಹರಿವು ಹೊತ್ತೊಯ್ಯುತ್ತಿದೆ. ಒಳಬರುವ ನೀರು ಹೆಚ್ಚಾಗಿದ್ದರೆ ವಾಲ್ವ್ ತಿರುಗಿಸಿ ಕಡಿಮೆ ಮಾಡಿ. ಕಚ್ಚುಗಳನ್ನು ಕೊಂಚ ದೊಡ್ಡದು ಮಾಡಿ. ಇದರಿಂದಲೂ ಆಗದಿದ್ದರೆ ಒಂದು ಉಪಾಯವಿದೆ. ಗಂಟೆಯ ನೆತ್ತಿಯ ಬಳಿ ತೂತು ಮಾಡಿ, ತೆಳು ಪ್ಲಾಸ್ಟಿಕ್ ನಳಿಗೆಯ ಒಂದು ತುದಿಯನ್ನು ಅಲ್ಲಿ ಗಾಳಿಯಾಡದಂತೆ ಸೇರಿಸಿ. ಇನ್ನೊಂದು ತುದಿಯನ್ನು ಗಂಟೆಯ ಹೊರಗೋಡೆಗುಂಟ ಇಳಿಸಿ ಕಚ್ಚುಗಳಿಗಿಂತ ತುಸು ಮೇಲೆ ನಿಲ್ಲಿಸಿ. ನೀರು ಆ ತುದಿಗಿಂತ ಕೆಳಗಿಳಿದ ಕೂಡಲೇ ಗಾಳಿ ನೇರವಾಗಿ ನೆತ್ತಿಗೇ ನುಗ್ಗಿ ಹರಿವನ್ನು ಕಡಿಯುತ್ತದೆ. ಈ ನಳಿಗೆಯಲ್ಲಿ ಲೋಳೆ ಕಟ್ಟಿಕೊಂಡರೆ ಹಳೆಯ ತೊಂದರೆ ಮರಳುತ್ತದೆ. ಆಗಾಗ ತೊಳೆಯಬೇಕು.

ಒಂದು ಮಾತು ಗಮನಿಸಿ. ಹೊರಡಲು ಸಹಾಯ ಮಾಡುವ ಹೆಚ್ಚಿನ ನೀರು ನಿಲ್ಲಲು ಅಡ್ಡಿ. ನಿಲ್ಲಲು ನೆರವಾಗುವ ಕಡಿಮೆ ನೀರು ಹೊರಡಲು ಅಡ್ಡಿ. ಎರಡರ ನಡುವಿನ ಹದವನ್ನು ಹುಡುಕಬೇಕು. ಅದಕ್ಕೆ ಒಮ್ಮೆಗೆ ಒಂದನ್ನೇ ಬದಲಿಸಿ, ಎರಡು ಮೂರು ಸುತ್ತು ನೋಡಿ, ಪುಸ್ತಕದಲ್ಲಿ ಬರೆದಿಡಿ. ವಾಲ್ವನ್ನೂ ಗಂಟೆಯನ್ನೂ ಒಟ್ಟಿಗೇ ಬದಲಿಸಿದರೆ ರೋಗ ವಾಸಿಯಾದರೂ ಯಾವ ಔಷಧಿಯಿಂದ ಎಂದು ತಿಳಿಯುವುದಿಲ್ಲ.

ಒಂದು ಲೆಕ್ಕ

ಗಿಡದ ತೊಟ್ಟಿ 1 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ ಇದೆ ಎನ್ನಿ. ನೀರು 20 ಸೆಂಟಿಮೀಟರ್ ಏರಿಳಿಯುತ್ತದೆ. ಗಾತ್ರ 120 ಲೀಟರ್. ಇದರಲ್ಲಿ ಶೇಕಡಾ 60ರಷ್ಟು ಕಲ್ಲೇ ಇದ್ದರೆ ನೀರು 48 ಲೀಟರ್. ನಿಮಿಷಕ್ಕೆ 4 ಲೀಟರಿನಂತೆ ತುಂಬಲು 12 ನಿಮಿಷ. ಸೈಫನ್ ನಿಮಿಷಕ್ಕೆ 16 ಲೀಟರ್ ಎಳೆದರೆ, ಆಗಲೂ 4 ಲೀಟರ್ ಬರುತ್ತಿರುವುದರಿಂದ, ಮಟ್ಟ ಇಳಿಯುವುದು 12 ಲೀಟರಿನ ವೇಗದಲ್ಲಿ. ಬರಿದಾಗಲು 4 ನಿಮಿಷ. ಒಂದು ಸುತ್ತಿಗೆ 16 ನಿಮಿಷ. ನಿಮ್ಮ ಮನೆಯ ತೊಟ್ಟಿಗೆ ಈ ಲೆಕ್ಕ ಹಾಕಿಟ್ಟರೆ ಸುತ್ತಿನ ಅವಧಿ ಬದಲಾದಾಗಲೇ ಮುಂದಿನ ತೊಂದರೆಯ ಸುಳಿವು ಸಿಗುತ್ತದೆ. ತುಂಬಲು ಹೆಚ್ಚು ಹೊತ್ತು ಹಿಡಿದರೆ ಪಂಪು. ಬರಿದಾಗಲು ಹೆಚ್ಚು ಹೊತ್ತು ಹಿಡಿದರೆ ಕಾವಲು ಪೈಪಿನ ತೂತುಗಳಿಗೆ ನುಗ್ಗಿದ ಬೇರು.

ಈ ಬೇರನ್ನು ಅಲಕ್ಷ್ಯ ಮಾಡಬಾರದು. ಅದು ದಾರಿಯನ್ನು ಪೂರಾ ಮುಚ್ಚಿದರೆ ಮೇಲಿನ ತೊಟ್ಟಿ ತುಂಬಿ ಹೊರಚೆಲ್ಲುತ್ತದೆ. ಪಂಪಿಗೆ ಅದು ತಿಳಿಯದು. ಮೀನಿನ ತೊಟ್ಟಿಯ ನೀರನ್ನೆಲ್ಲ ತಾರಸಿಗೆ ಸುರಿದು ಮುಗಿಸುತ್ತದೆ. ಮನೆಯವರು ಊರಿಂದ ಮರಳುವಷ್ಟರಲ್ಲಿ ಮೀನುಗಳು ಉಳಿದಿರುವುದಿಲ್ಲ. ತಡೆಯುವುದು ಸುಲಭ. ಪಂಪನ್ನು ತೊಟ್ಟಿಯ ತಳದಲ್ಲಿಡದೆ ಒಂದು ಗೇಣು ಮೇಲಿಡಿ. ಎಲ್ಲ ಕೆಟ್ಟರೂ ಆ ಗೇಣು ನೀರು ಮೀನಿಗೆ ಉಳಿಯುತ್ತದೆ. ಗಿಡದ ತೊಟ್ಟಿಯ ಅಂಚಿನ ಕೆಳಗೆ ಇನ್ನೊಂದು ತೂತು ಕೊರೆದು, ಹೆಚ್ಚಾದ ನೀರು ಮೀನಿಗೇ ಮರಳುವಂತೆ ಪೈಪು ಹಾಕಿ.

ತಾಯಿತಂದೆಯರು ಇನ್ನೊಂದನ್ನು ಯೋಚಿಸಬೇಕು. ಇಷ್ಟು ದೊಡ್ಡ ತೊಟ್ಟಿಯ ಜಲ್ಲಿ, ನೀರು ಸೇರಿ ತೂಕ 300 ಕಿಲೋ ದಾಟುತ್ತದೆ. ಮೀನಿನ ತೊಟ್ಟಿಯದು ಬೇರೆ. ತಾರಸಿಯ ಮೇಲೆ ಇಡುವ ಮುನ್ನ ಅದನ್ನು ತಾಳುವ ಜಾಗ ಯಾವುದೆಂದು ತಿಳಿದವರನ್ನು ಕೇಳಿ.

ಮಾಡಿ ನೋಡಿ

ಪ್ಲಾಸ್ಟಿಕ್ ಲೋಟದ ತಳಕ್ಕೆ ತೂತು ಮಾಡಿ, ಬಾಗುವ ಸ್ಟ್ರಾದ ಉದ್ದದ ಕಾಲನ್ನು ಅದರೊಳಗಿಂದ ಕೆಳಗಿಳಿಸಿ, ಸಂದನ್ನು ಮೇಣದಿಂದ ಮುಚ್ಚಿ. ಗಿಡ್ಡ ಕಾಲು ಲೋಟದೊಳಗೆ ತಳದ ಬಳಿ ಇರಲಿ. ನಿಧಾನವಾಗಿ ನೀರು ಹೊಯ್ಯಿರಿ. ಬಾಗು ಮುಳುಗಿದೊಡನೆ ಲೋಟ ಬರಿದಾಗುತ್ತದೆ. ಎಷ್ಟು ನಿಧಾನವಾಗಿ ಹೊಯ್ದರೂ ಸಾಮಾನ್ಯವಾಗಿ ಇದು ತಪ್ಪದು. ಹಾಗಾದರೆ ತಾರಸಿಯ ಸೈಫನ್ ಯಾಕೆ ಹಟ ಮಾಡುತ್ತದೆ?

ಉತ್ತರ ನಳಿಗೆಯ ಅಗಲದಲ್ಲಿದೆ. ಕಿರಿದಾದ ಸ್ಟ್ರಾದಲ್ಲಿ ಒಂದೆರಡು ಹನಿ ನೀರೂ ಮೇಲ್ಮೈ ಎಳೆತದಿಂದ ಅಡ್ಡಗಲಕ್ಕೆಲ್ಲ ಪರದೆ ಕಟ್ಟಿಕೊಂಡು ಗಾಳಿಯನ್ನು ಮುಂದಕ್ಕೆ ತಳ್ಳುತ್ತದೆ. ಒಂದಿಂಚಿನ ಪೈಪಿನಲ್ಲಿ ಅಷ್ಟು ಅಗಲಕ್ಕೆ ಪರದೆ ನಿಲ್ಲದೆ ನೀರು ಗೋಡೆ ಹಿಡಿದು ಇಳಿದುಬಿಡುತ್ತದೆ. ಮಾದರಿಯನ್ನು ಹತ್ತು ಪಟ್ಟು ದೊಡ್ಡದು ಮಾಡಿದಾಗ ನೀರಿನ ಸ್ವಭಾವ ಹತ್ತು ಪಟ್ಟು ದೊಡ್ಡದಾಗುವುದಿಲ್ಲ. ವಿಜ್ಞಾನ ಪ್ರದರ್ಶನದ ಮೇಜಿನ ಮೇಲೆ ಬಹುಮಾನ ಗೆದ್ದ ಮಾದರಿ ಹಿತ್ತಿಲಲ್ಲಿ ಕೈಕೊಟ್ಟರೆ ನಿರಾಶರಾಗಬೇಡಿ. ಬಕೆಟ್ ಮತ್ತು ಗಡಿಯಾರ ಹಿಡಿದು ಮೊದಲು ನೀರನ್ನು ಅಳೆಯಿರಿ.