ತಂತಿ ಬಿಚ್ಚಿದ ದಿನವೇ ಹಲಗೆ ಒರೆಸಿ

ವಾರ್ಷಿಕೋತ್ಸವಕ್ಕೆ ಮುಂಚೆ ಕಾಲೇಜಿಗೆ ಹೊಸ ಗಿಟಾರ್ ಕೊಳ್ಳಬೇಕು, ಹಳೆಯದನ್ನು ಗುಜರಿಗೆ ಹಾಕಬೇಕು ಎಂಬ ಮಾತು ಸಾಂಸ್ಕೃತಿಕ ಸಂಘದಲ್ಲಿ ನಡೆಯುತ್ತಿದೆ. ನನ್ನ ಅಭಿಪ್ರಾಯ ಬೇರೆ. ಸ್ಟಾಫ್ ರೂಮಿನ ಬೀರುವಿನ ಮೇಲಿರುವ ಆ ಗಿಟಾರಿನ ಕತ್ತು ಬಾಗಿಲ್ಲ, ಡಬ್ಬ ಬಿರಿದಿಲ್ಲ. ತಂತಿಗೆ ತುಕ್ಕು ಹಿಡಿದಿದೆ. ಬೆರಳಿಡುವ ಹಲಗೆಗೆ, ಅಂದರೆ ಫ್ರೆಟ್‌ಬೋರ್ಡಿಗೆ, ವರ್ಷಗಳ ಜಿಡ್ಡು ಅಂಟಿದೆ. ಇಷ್ಟೇ.

ಬೆರಳಿನ ಬೆವರು, ಚರ್ಮದ ಎಣ್ಣೆ, ಧೂಳು ಸೇರಿ ಫ್ರೆಟ್ ಪಟ್ಟಿಗಳ ಪಕ್ಕದಲ್ಲಿ ಕಪ್ಪಗೆ ಗಟ್ಟಿಯಾಗುತ್ತವೆ. (ಕ್ಯಾಂಟೀನಿನ ಸಮೋಸ ತಿಂದ ಕೈಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.) ಅದೇ ಕೊಳೆಯ ಮೇಲೆ ಹೊಸ ತಂತಿ ಕಟ್ಟಿದರೆ ಅದರ ನಾದವೂ ಬೇಗ ಮಂಕಾಗುತ್ತದೆ. ಆರು ತಂತಿಗಳು ಬಿಗಿಯಾಗಿದ್ದಾಗ ಹಲಗೆಗೆ ಬಟ್ಟೆ ಸರಿಯಾಗಿ ತಾಗುವುದಿಲ್ಲ. ತಂತಿ ಬದಲಿಸುವ ದಿನ ಮಾತ್ರ ಅದು ಪೂರ್ತಿ ಕೈಗೆ ಸಿಗುತ್ತದೆ. ನಮ್ಮಲ್ಲಿ ಆ ದಿನವೂ ಎಲ್ಲರಿಗೂ ನುಡಿಸುವ ಅವಸರ!

"ಎಲ್ಲ ತಂತಿ ಒಟ್ಟಿಗೆ ತೆಗೆದರೆ ಕತ್ತು ಸೊಟ್ಟಗಾಗುತ್ತದೆ" ಎಂದು ಕೆಲವರು ಹೆದರಿಸುತ್ತಾರೆ. ಉಕ್ಕಿನ ತಂತಿಯ ಗಿಟಾರಿನಲ್ಲಿ ಆರೂ ತಂತಿಗಳ ಸೆಳೆತ ಒಟ್ಟು ಸುಮಾರು 70 ಕೆ.ಜಿ. ಇರುತ್ತದೆ, ಆದ್ದರಿಂದ ಹೆದರಿಕೆ ಸಹಜ. ಆದರೆ ಬಿರಡೆ ತಿರುಗಿಸಿ ನಿಧಾನವಾಗಿ ಸಡಿಲಿಸಿ, ಅರ್ಧ ಗಂಟೆ ಬರಿದಾಗಿ ಇಟ್ಟರೆ ಏನೂ ಆಗುವುದಿಲ್ಲ.

ಹಲಗೆ ಯಾವ ಮರದ್ದು ಎಂಬುದು ಮುಖ್ಯ. ಫರ್ನಿಚರ್ ಕೆಲಸ ಮಾಡುವ ನನ್ನ ಚಾಚಾಗೆ ಗಿಟಾರ್ ತೋರಿಸಿದೆ. "ಯೇ ತೋ ಕಾಲಾ ಶೀಶಮ್ ಹೈ" ಎಂದರು. ಕನ್ನಡದಲ್ಲಿ ಬೀಟೆ. ನಮ್ಮ ಪಶ್ಚಿಮ ಘಟ್ಟಗಳ ಈ ಮರವನ್ನು ಪ್ರಪಂಚದ ದೊಡ್ಡ ಗಿಟಾರ್ ಕಂಪನಿಗಳೂ ಬಳಸುತ್ತವೆ. 2017ರಲ್ಲಿ ಬೀಟೆ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರವೂ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂತು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರಲ್ಲಿ. ಅಂಥ ಮರವನ್ನು ಜಿಡ್ಡಿನ ಕಾರಣಕ್ಕೆ ಗುಜರಿಗೆ ಕೊಡುವುದು ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಸರಿಯಾದ ಲೆಕ್ಕವಾಗಿ ಕಾಣುವುದಿಲ್ಲ.

ಕೆಲಸ ಸುಲಭ. ಮೊದಲು ಒಣ ಬಟ್ಟೆ, ಆಮೇಲೆ ಫ್ರೆಟ್ ಅಂಚಿಗೆ ಹಳೆಯ ಟೂತ್‌ಬ್ರಷ್. ಗಟ್ಟಿ ಕೊಳೆಗೆ ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚು ಸಾಕು. ಅದಕ್ಕೂ ಬಗ್ಗದಿದ್ದರೆ ಪಾಲಿಶ್ ಕೆಲಸದವರ ಬಳಿ ಸಿಗುವ, ನಾಲ್ಕು ಸೊನ್ನೆಯ ಅತಿ ನಯವಾದ ಸ್ಟೀಲ್ ವುಲ್. ಪಾತ್ರೆ ಉಜ್ಜುವ ಸ್ಕ್ರಬ್ಬರ್ ಖಂಡಿತ ಬೇಡ. ನೀರು ಸುರಿಯಬೇಡಿ, ನಿಂಬೆಹಣ್ಣು ಹಿಂಡಬೇಡಿ. ಅಂಗಡಿಯಲ್ಲಿ 'ಲೆಮನ್ ಆಯಿಲ್' ಎಂದು ಮಾರುವುದು ಹೆಚ್ಚಾಗಿ ನಿಂಬೆಯ ವಾಸನೆ ಹಾಕಿದ ಖನಿಜ ತೈಲ. ಹಲಗೆ ಒಣಗಿದ್ದರೆ ಅದರ ನಾಲ್ಕು ಹನಿ ಹಚ್ಚಿ, ಐದು ನಿಮಿಷ ಬಿಟ್ಟು, ಪೂರ್ತಿ ಒರೆಸಿ ತೆಗೆಯಬೇಕು. ಕೊಬ್ಬರಿ ಎಣ್ಣೆ ಕ್ರಮೇಣ ಕಮಟು ಹಿಡಿಯುತ್ತದೆ, ಅದನ್ನು ತಲೆಗೇ ಹಚ್ಚಿಕೊಳ್ಳಿ. ವಾರ್ನಿಷ್ ಹೊಡೆದ ಮೇಪಲ್ ಮರದ ಬಿಳಿ ಹಲಗೆಯಾದರೆ ಎಣ್ಣೆಯೇ ಬೇಡ.

ಇಷ್ಟಕ್ಕೆ ತಂತಿಯ ಒಂದು ಸೆಟ್ ಸೇರಿಸಿದರೂ ಖರ್ಚು ನೂರುಗಳಲ್ಲಿ ಮುಗಿಯುತ್ತದೆ. ಹೊಸ ಗಿಟಾರಿಗೆ ಸಾವಿರಗಟ್ಟಲೆ ಬೇಕು, ಆ ಹಣ ನಾವೆಲ್ಲ ಕಟ್ಟಿದ ಶುಲ್ಕದ್ದು. ಲೆಕ್ಕಶಾಸ್ತ್ರದಲ್ಲಿ ಸವಕಳಿ ಓದುತ್ತೇವೆ, ನಿರ್ವಹಣಾ ವೆಚ್ಚವನ್ನೂ ಓದುತ್ತೇವೆ. ಎರಡನೆಯದು ಪರೀಕ್ಷೆಗೆ ಮಾತ್ರ ಎಂದುಕೊಂಡಂತಿದೆ.

ಹೊಸ ಗಿಟಾರ್ ಬಂದರೆ ಏನಾಗುತ್ತದೆ ಎಂಬುದೂ ನಮಗೆ ಗೊತ್ತು. ಹಾಳಾದೀತು ಎಂದು ಬೀಗ ಹಾಕಿಡುತ್ತಾರೆ, ವರ್ಷಕ್ಕೊಮ್ಮೆ ವೇದಿಕೆಗೆ ತರುತ್ತಾರೆ. ನನ್ನ ತರಗತಿಯಲ್ಲೇ ಕಲಿಯುವ ಆಸೆ ಇದ್ದೂ ಮನೆಯಲ್ಲಿ ಗಿಟಾರ್ ಕೇಳುವ ಸ್ಥಿತಿಯಲ್ಲಿ ಇಲ್ಲದವರು ಮೂವರಿದ್ದಾರೆ. ಅವರಿಗೆ ಬೇಕಾದದ್ದು ಬಿಡುವಿನ ವೇಳೆಯಲ್ಲಿ ಕೈಗೆ ಸಿಗುವ, ತಪ್ಪು ನುಡಿಸಿದರೂ ಯಾರೂ ಬೈಯದ ಈ ಹಳೆಯ ಗಿಟಾರ್.

ಆದ್ದರಿಂದ ಸಂಘದ ಪದಾಧಿಕಾರಿಗಳಲ್ಲಿ ಮತ್ತು ಉಪನ್ಯಾಸಕರಲ್ಲಿ ನನ್ನ ವಿನಂತಿ: ಈ ಸಲ ತಂತಿಗೆ ಮಾತ್ರ ಹಣ ಮಂಜೂರು ಮಾಡಿ. ಗಿಟಾರ್ ಚೀಲದೊಳಗೆ ಒಂದು ಬಟ್ಟೆಯನ್ನೂ, ಕೊನೆಯ ಸಲ ಹಲಗೆ ಒರೆಸಿದ ತಾರೀಖು ಬರೆಯಲು ಒಂದು ಚೀಟಿಯನ್ನೂ ಇಡೋಣ. ಶನಿವಾರ ಕೊನೆಯ ಪೀರಿಯಡ್ ಮುಗಿದ ಮೇಲೆ ನಾನು ಬಿಡುವಾಗಿರುತ್ತೇನೆ. ಟೂತ್‌ಬ್ರಷ್ ನನ್ನದು, ಬಟ್ಟೆಗೆ ಹಳೆಯ ಬನಿಯನ್ ಕೊಡುತ್ತೇನೆಂದು ಅಮ್ಮಿ ಒಪ್ಪಿದ್ದಾರೆ.